ಹತ್ತಿಗಾಗಿ ಹರಿದ ಕರಾವಳಿ

ಶಿರೂರು ದಾಟಿ ಭಟ್ಕಳದ ಕಡೆ ಹೋಗುವಾಗ ರಸ್ತೆಯ ಬದಿಯಲ್ಲಿ ಉಡುಪಿ ಜಿಲ್ಲೆ ಮುಗಿದು ಉತ್ತರ ಕನ್ನಡ ಜಿಲ್ಲೆ ಶುರುವಾಗುತ್ತದೆ. ಜಿಲ್ಲೆಯ ಹೆಸರು ಬರೆದ ಫಲಕ ಇಲ್ಲದಿದ್ದರೆ ಗಡಿ ಎಲ್ಲಿದೆಯೆಂದು ಯಾರಿಗೂ ತಿಳಿಯದು. ಆಚೆಗೂ ಅದೇ ಕಡಲು, ಅದೇ ತೆಂಗು, ಅದೇ ಕೆಂಪು ಮಣ್ಣು. ಭಟ್ಕಳದ ನವಾಯತರು ಆಡುವ ಮಾತನ್ನೇ ಈಚೆ ಶಿರೂರು, ಗಂಗೊಳ್ಳಿಯ ನವಾಯತರೂ ಆಡುತ್ತಾರೆ. ಹೆಣ್ಣು ಕೊಡುವುದು, ತರುವುದು ತಲೆಮಾರುಗಳಿಂದ ನಡೆದು ಬಂದಿದೆ.

ನನ್ನ ಬಾಲ್ಯದಲ್ಲಿ ನಮ್ಮ ಮನೆಗೆ ಭಟ್ಕಳದ ಕಡೆಯ ಒಬ್ಬ ಅಜ್ಜಿ ಬರುತ್ತಿದ್ದರು. ಮಂಗಳೂರಿನವರ ಯಾವುದಾದರೂ ರೀತಿನೀತಿ ಅವರಿಗೆ ಹಿಡಿಸದಿದ್ದರೆ, "ನಿಮ್ಮದು ಮದ್ರಾಸ್ ಸರಕಾರ, ನಮ್ಮದು ಬೊಂಬಾಯಿ ಸರಕಾರ. ನಿಮಗೂ ನಮಗೂ ಹೇಗೆ ಸರಿಹೋಗುತ್ತದೆ?" ಎನ್ನುತ್ತಿದ್ದರು. ಅಷ್ಟು ಹೊತ್ತಿಗೆ ಆ ಎರಡೂ ಸರಕಾರಗಳ ಆಳ್ವಿಕೆ ಇಲ್ಲಿಂದ ಹೋಗಿ ಮೂರು ದಶಕ ಕಳೆದಿತ್ತು. ಮಕ್ಕಳಾದ ನಾವು ನಗುತ್ತಿದ್ದೆವು. ಆ ಅಜ್ಜಿ ಹುಟ್ಟಿದ್ದು, ಮದುವೆಯಾದದ್ದು ನಿಜಕ್ಕೂ ಇನ್ನೊಂದು ಪ್ರಾಂತ್ಯದಲ್ಲಿ ಎಂಬುದು ತಿಳಿದದ್ದು ದೊಡ್ಡವನಾಗಿ ಇತಿಹಾಸದ ಪುಸ್ತಕಗಳನ್ನು ತೆರೆದಾಗ. ಆ ಗೆರೆಯ ಇನ್ನೊಂದು ತುದಿ ಅಮೆರಿಕದ ಹತ್ತಿಯ ಹೊಲಗಳಲ್ಲಿ ಇತ್ತೆಂದು ತಿಳಿಯಲು ಇನ್ನೂ ಕೆಲವು ವರ್ಷ ಬೇಕಾದವು.

ನಮ್ಮ ಕರಾವಳಿ 1862ರಲ್ಲಿ ಎರಡಾದ ಕತೆಯನ್ನು ಹೇಳಬೇಕಾದರೆ ಅಲ್ಲಿಂದಲೇ ಆರಂಭಿಸಬೇಕು.

ಗಿರಣಿ ಮತ್ತು ಹೊಲ

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ನೂಲು ತೆಗೆಯುವ ಯಂತ್ರಗಳು ಇಂಗ್ಲೆಂಡಿನ ಸ್ವತ್ತಾಗಿದ್ದವು. ಯಂತ್ರವನ್ನಾಗಲಿ ಅದರ ನಕ್ಷೆಯನ್ನಾಗಲಿ ದೇಶದಿಂದ ಹೊರಗೆ ಒಯ್ಯುವುದು ಅಪರಾಧವಾಗಿತ್ತು. ಅದರ ಕೆಲಸ ಬಲ್ಲವರೂ ದೇಶ ಬಿಟ್ಟು ಹೋಗುವಂತಿರಲಿಲ್ಲ. 1789ರಲ್ಲಿ ಸ್ಯಾಮ್ಯುಯೆಲ್ ಸ್ಲೇಟರ್ ಎಂಬ ಯುವಕ ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡು ಅಮೆರಿಕಕ್ಕೆ ಹಡಗು ಹತ್ತಿದ. ಮರುವರ್ಷ ರೋಡ್ ಐಲೆಂಡ್ ರಾಜ್ಯದ ಪಾಟಕೆಟ್ ಎಂಬಲ್ಲಿ ನೀರಿನ ಬಲದಿಂದ ತಿರುಗುವ ನೂಲಿನ ಗಿರಣಿ ಶುರುವಾಯಿತು. ಅದರ ಮೊದಲ ಕೆಲಸಗಾರರು ಏಳರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳು. ಅಮೆರಿಕದ ಕೈಗಾರಿಕಾ ಯುಗ ಆರಂಭವಾದದ್ದು ಆ ಮಕ್ಕಳ ಕೈಗಳಿಂದ.

ಮುಂದೆ ಮಸಾಚುಸೆಟ್ಸ್ ರಾಜ್ಯದಲ್ಲಿ 1820ರ ದಶಕದಲ್ಲಿ ಲೋವೆಲ್ ಎಂಬ ಪಟ್ಟಣವೇ ಗಿರಣಿಗಳಿಗಾಗಿ ಹುಟ್ಟಿಕೊಂಡಿತು. ಸುತ್ತಲಿನ ಹಳ್ಳಿಗಳಿಂದ ರೈತರ ಹೆಣ್ಣುಮಕ್ಕಳನ್ನು ಕರೆತಂದು, ವಸತಿಗೃಹಗಳಲ್ಲಿ ಇರಿಸಿ, ಗಂಟೆ ಹೊಡೆದಾಗ ಎಬ್ಬಿಸಿ, ದಿನಕ್ಕೆ ಹನ್ನೆರಡು ಹದಿಮೂರು ತಾಸು ದುಡಿಸಲಾಗುತ್ತಿತ್ತು. ಓದು ಬರಹ ಬಲ್ಲ ಆ ಹುಡುಗಿಯರು ತಮ್ಮದೇ ಒಂದು ಪತ್ರಿಕೆ ನಡೆಸಿದರು. ಕೂಲಿ ಕಡಿತ ಮಾಡಲು ಹೊರಟಾಗ 1834ರಲ್ಲಿ ಕೆಲಸ ಬಿಟ್ಟು ಬೀದಿಗಿಳಿದರು. ವಸತಿಯ ಖರ್ಚು ಏರಿಸಿದಾಗ 1836ರಲ್ಲಿ ಮತ್ತೊಮ್ಮೆ ಇಳಿದರು.

ಈ ಗಿರಣಿಗಳಿಗೆಲ್ಲ ಹತ್ತಿ ಬರುತ್ತಿದ್ದುದು ದಕ್ಷಿಣದ ರಾಜ್ಯಗಳಿಂದ. ಅಲ್ಲಿನ ಒಳನಾಡಿನ ಹತ್ತಿಯಲ್ಲಿ ಬೀಜ ಅರಳೆಗೆ ಅಂಟಿಕೊಂಡಿರುತ್ತಿತ್ತು. ಅದನ್ನು ಬಿಡಿಸಲು ಒಬ್ಬ ಆಳಿಗೆ ಇಡೀ ದಿನ ಕೂತರೂ ಅರ್ಧ ಕಿಲೋದಷ್ಟು ಅರಳೆ ಸಿಗುವುದು ಕಷ್ಟವಿತ್ತು. 1793ರಲ್ಲಿ ಎಲಿ ವಿಟ್ನಿ ತಯಾರಿಸಿದ ಜಿನ್ ಯಂತ್ರ ಆ ಕೆಲಸವನ್ನು ಹಲವು ಪಟ್ಟು ಸುಲಭ ಮಾಡಿತು. ಯಂತ್ರ ಬಂದರೆ ದುಡಿಯುವವನ ಹೊರೆ ಇಳಿಯುತ್ತದೆ ಎಂದು ನಾವು ನಂಬಿದ್ದೇವೆ. ಅಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಬೀಜ ಬಿಡಿಸುವುದು ಸುಲಭವಾದ್ದರಿಂದ ಹತ್ತಿ ಬೆಳೆಯುವುದು ಲಾಭದ ಕೆಲಸವಾಯಿತು. ಹೊಲಗಳು ಪಶ್ಚಿಮಕ್ಕೆ ಹಬ್ಬಿದವು. ಬಿತ್ತಲು, ಕಳೆ ತೆಗೆಯಲು, ಬಿಡಿಸಲು ಇನ್ನಷ್ಟು ಗುಲಾಮರು ಬೇಕಾದರು. 1790ರಲ್ಲಿ ಅಮೆರಿಕದಲ್ಲಿದ್ದ ಗುಲಾಮರು ಸುಮಾರು 7 ಲಕ್ಷ. 1860ರಲ್ಲಿ ಆ ಸಂಖ್ಯೆ 39 ಲಕ್ಷವನ್ನು ದಾಟಿತ್ತು. ಆ ಹೊತ್ತಿಗೆ ಅಮೆರಿಕದ ರಫ್ತಿನ ಮೌಲ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿಯದೇ ಆಗಿತ್ತು.

ಆ ಗುಲಾಮರಲ್ಲಿ ಪಶ್ಚಿಮ ಆಫ್ರಿಕದ ಮುಸ್ಲಿಮರೂ ಇದ್ದರು. ಇಂದಿನ ಸೆನೆಗಲ್ ಪ್ರದೇಶದಲ್ಲಿ ಮದರಸದ ವಿದ್ಯೆ ಕಲಿತು, 1807ರಲ್ಲಿ ಸೆರೆಯಾಗಿ ಅಮೆರಿಕಕ್ಕೆ ಮಾರಾಟವಾದ ಉಮರ್ ಇಬ್ನ್ ಸಯೀದ್ 1831ರಲ್ಲಿ ಅರಬಿಯಲ್ಲಿ ತನ್ನ ಆತ್ಮಕಥೆ ಬರೆದ. ಆ ಬರಹ ಆರಂಭವಾಗುವುದು ಕುರ್‌ಆನಿನ 'ಅಲ್ ಮುಲ್ಕ್' ಅಧ್ಯಾಯದಿಂದ. ಒಡೆತನವೆಲ್ಲ ಯಾರದೆಂದು ಹೇಳುವ ಅಧ್ಯಾಯವದು. ಇನ್ನೊಬ್ಬರ ಸೊತ್ತಾಗಿ ಬದುಕಿದ ಮನುಷ್ಯ ಅದನ್ನೇ ಆರಿಸಿಕೊಂಡದ್ದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಒಂದೇ ಬಟ್ಟೆಯ ಎರಡು ತುದಿ

ಶಾಲೆಯಲ್ಲಿ ನಮಗೆ ಕಲಿಸಿದ್ದು ಇಷ್ಟು: ಉತ್ತರ ಅಮೆರಿಕದವರು ಕೈಗಾರಿಕೆ ಕಟ್ಟಿದರು, ದಕ್ಷಿಣದವರು ಗುಲಾಮರನ್ನು ಇಟ್ಟುಕೊಂಡರು, ಇಬ್ಬರಿಗೂ ಯುದ್ಧವಾಯಿತು. ಇದು ಸುಳ್ಳಲ್ಲ, ಆದರೆ ಅರ್ಧ ಮಾತು. ಲೋವೆಲ್‌ನ ಗಿರಣಿ ತಿರುಗುತ್ತಿದ್ದುದು ಗುಲಾಮರು ಬೆಳೆದ ಹತ್ತಿಯಿಂದ. ಆ ಗುಲಾಮರ ಮೈಮೇಲಿನ ಒರಟು ಬಟ್ಟೆಯನ್ನು ನೇಯುತ್ತಿದ್ದುದು ರೋಡ್ ಐಲೆಂಡಿನ ಗಿರಣಿಗಳು. ದಕ್ಷಿಣದ ಹತ್ತಿಗೆ ಸಾಲ, ವಿಮೆ, ಹಡಗು ಒದಗಿಸುತ್ತಿದ್ದುದು ನ್ಯೂಯಾರ್ಕಿನ ವ್ಯಾಪಾರಿಗಳು. ಎರಡು ಪ್ರದೇಶಗಳು ಬೇರೆಬೇರೆಯಾಗಿ ಬೆಳೆಯಲಿಲ್ಲ. ಒಂದೇ ವ್ಯಾಪಾರದ ಎರಡು ತುದಿಗಳಾಗಿ ಬೆಳೆದವು. ಹಾಗೆ ಬೆಳೆದುದರಿಂದಲೇ ಅವುಗಳ ಹಿತಾಸಕ್ತಿ ಬೇರೆಯಾಯಿತು.

ಉತ್ತರದ ಗಿರಣಿ ಮಾಲೀಕರಿಗೆ ಹೊರದೇಶದ ಬಟ್ಟೆಯ ಮೇಲೆ ಸುಂಕ ಬೇಕಿತ್ತು. ಹತ್ತಿ ಮಾರಿ ಇಂಗ್ಲೆಂಡಿನ ಸಾಮಾನು ಕೊಳ್ಳುತ್ತಿದ್ದ ದಕ್ಷಿಣದ ಜಮೀನ್ದಾರರಿಗೆ ಸುಂಕ ಬೇಡವಾಗಿತ್ತು. 1828ರ ಸುಂಕದ ಕಾನೂನಿನ ಮೇಲೆ ಜಗಳವೆದ್ದು, 1832ರಲ್ಲಿ ದಕ್ಷಿಣ ಕೆರೊಲಿನಾ ರಾಜ್ಯ ಆ ಕಾನೂನು ತನ್ನ ನೆಲದಲ್ಲಿ ನಡೆಯುವುದಿಲ್ಲವೆಂದು ಘೋಷಿಸಿತು. ಪಶ್ಚಿಮದಲ್ಲಿ ಹೊಸ ರಾಜ್ಯ ಹುಟ್ಟಿದಾಗಲೆಲ್ಲ ಅಲ್ಲಿ ಗುಲಾಮಗಿರಿ ಇರಬೇಕೇ ಬೇಡವೇ ಎಂಬ ಪ್ರಶ್ನೆ ಮತ್ತೆ ಮತ್ತೆ ಎದ್ದಿತು. 1860ರ ವೇಳೆಗೆ ಉತ್ತರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕಾರ್ಖಾನೆಗಳಿದ್ದರೆ ದಕ್ಷಿಣದಲ್ಲಿ ಇಪ್ಪತ್ತು ಸಾವಿರದ ಆಸುಪಾಸು. ದೇಶದ ಸುಮಾರು 30,000 ಮೈಲಿ ರೈಲುಹಾದಿಯಲ್ಲಿ ಮೂರನೆಯ ಎರಡು ಪಾಲಿಗಿಂತ ಹೆಚ್ಚು ಉತ್ತರದಲ್ಲೇ ಇತ್ತು. 1861ರ ಏಪ್ರಿಲ್‌ನಲ್ಲಿ ತೋಪು ಸಿಡಿಯಿತು. ನಾಲ್ಕು ವರ್ಷದ ಯುದ್ಧದಲ್ಲಿ ಆರು ಲಕ್ಷಕ್ಕಿಂತ ಹೆಚ್ಚು ಮಂದಿ ಸತ್ತರು.

ಲಿಂಕನ್ ಸರಕಾರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಹತ್ತಿ ಹೊರಗೆ ಹೋಗದಂತಾಯಿತು. ಆ ಪೆಟ್ಟು ನೇರವಾಗಿ ಬಿದ್ದದ್ದು ಇಂಗ್ಲೆಂಡಿನ ಲಂಕಾಷೈರ್ ಮೇಲೆ. ಬ್ರಿಟನ್ನಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಅಮೆರಿಕದ್ದು. ಗಿರಣಿಗಳು ನಿಂತವು, ಲಕ್ಷಗಟ್ಟಲೆ ಕಾರ್ಮಿಕರು ಗಂಜಿಗೆ ಸಾಲು ನಿಂತರು. ಹಾಗಿದ್ದರೂ 1862ರ ಕೊನೆಯ ದಿನ ಮ್ಯಾಂಚೆಸ್ಟರಿನ ಕಾರ್ಮಿಕರು ಸಭೆ ಸೇರಿ, ಗುಲಾಮಗಿರಿ ತೊಲಗಲಿ ಎಂದು ಲಿಂಕನ್ನನಿಗೆ ಬೆಂಬಲದ ಪತ್ರ ಕಳಿಸಿದರು. ಲಿಂಕನ್ 1863ರ ಜನವರಿಯಲ್ಲಿ ಅವರಿಗೆ ಉತ್ತರ ಬರೆದ. ಹಸಿದ ಹೊಟ್ಟೆಯಲ್ಲಿ ಇನ್ನೊಬ್ಬರ ಸ್ವಾತಂತ್ರ್ಯವನ್ನು ಬಯಸಿದ ಆ ಜನರನ್ನು ನೆನೆಯಬೇಕು. ಅದೇ ಮ್ಯಾಂಚೆಸ್ಟರಿನ ಮಾಲೀಕರ ಕಣ್ಣು ಮಾತ್ರ ಆಗಲೇ ಭಾರತದ ನಕ್ಷೆಯ ಮೇಲಿತ್ತು.

ಧಾರವಾಡದ ಹತ್ತಿ, ಕುಮಟಾದ ಹೆಸರು

ಅಮೆರಿಕದ ಹತ್ತಿಯನ್ನೇ ನಂಬಿ ಕೂರುವುದು ಅಪಾಯವೆಂಬುದು ಮ್ಯಾಂಚೆಸ್ಟರಿಗೆ ಯುದ್ಧಕ್ಕೆ ಮುಂಚೆಯೇ ಗೊತ್ತಿತ್ತು. ಈಸ್ಟ್ ಇಂಡಿಯಾ ಕಂಪೆನಿ 1840ರ ದಶಕದಲ್ಲೇ ಅಮೆರಿಕದ ಹತ್ತಿ ಬೆಳೆಗಾರರನ್ನು ಭಾರತಕ್ಕೆ ಕರೆಸಿತ್ತು. ಹಲವು ಕಡೆ ಸೋತ ಆ ಪ್ರಯೋಗ ಕೈಹಿಡಿದದ್ದು ಧಾರವಾಡ ಜಿಲ್ಲೆಯ ಕರಿಮಣ್ಣಿನಲ್ಲಿ. ನ್ಯೂ ಆರ್ಲಿಯನ್ಸ್ ತಳಿಯ ಬೀಜ ಅಲ್ಲಿ ಬೇರೂರಿ 'ಧಾರವಾಡ ಅಮೆರಿಕನ್' ಎಂಬ ಹೆಸರಾಯಿತು. ಎಲಿ ವಿಟ್ನಿಯ ಯಂತ್ರದ ವಂಶಕ್ಕೆ ಸೇರಿದ ಗರಗಸದ ಹಲ್ಲಿನ ಜಿನ್ನುಗಳೂ ಅಲ್ಲಿಗೆ ಬಂದವು. ಜವಾರಿ ಹತ್ತಿಗೆ ಮಾರುಕಟ್ಟೆಯಲ್ಲಿ ಇದ್ದ ಹೆಸರು 'ಕುಮಟಾ'. ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಧಾರವಾಡದ ಹೊಲದಲ್ಲಿ ಬೆಳೆದು, ಎತ್ತಿನ ಬೆನ್ನೇರಿ, ಘಟ್ಟ ಇಳಿದು, ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಆ ಹೆಸರು.

ಈ ದಾರಿ ಬಹಳ ಹಳೆಯದು. ಹೇರಿನ ಎತ್ತುಗಳ ಸಾಲು ಕರಾವಳಿಯ ಉಪ್ಪು, ತೆಂಗಿನಕಾಯಿಯನ್ನು ಮೇಲಕ್ಕೆ ಒಯ್ದು, ಮೇಲಿನ ಧಾನ್ಯ, ಹತ್ತಿಯನ್ನು ಕೆಳಕ್ಕೆ ತರುತ್ತಿತ್ತು. ಲಂಬಾಣಿಗಳು ಆ ಸಾಗಾಟದಲ್ಲಿ ಪಳಗಿದವರು. ಬಂದರಿನಲ್ಲಿ ಮುಸ್ಲಿಮ್, ಕೊಂಕಣಿ ವ್ಯಾಪಾರಿಗಳಿದ್ದರು. ಕರಾವಳಿ ಬೇರೆ, ಘಟ್ಟದ ಮೇಲು ಬೇರೆ ಎಂದು ಇಂದು ಸಲೀಸಾಗಿ ಹೇಳುತ್ತೇವೆ. ಆ ಎತ್ತುಗಳಿಗೆ ಅದು ಒಂದೇ ದಾರಿಯಾಗಿತ್ತು.

ಆದರೆ ಮಳೆಗಾಲದಲ್ಲಿ ದಾರಿ ಮುಚ್ಚುತ್ತಿತ್ತು. ಎತ್ತಿನ ಬೆನ್ನ ಮೇಲೆ ಹತ್ತಿ ತೊಯ್ಯುತ್ತಿತ್ತು, ಧೂಳು ತುಂಬುತ್ತಿತ್ತು. ಮ್ಯಾಂಚೆಸ್ಟರಿಗೆ ಬೇಕಾದದ್ದು ಗಾಡಿ ಹೋಗುವ ರಸ್ತೆ ಮತ್ತು ದೊಡ್ಡ ಹಡಗು ನಿಲ್ಲುವ ಬಂದರು. ಅವರ ಕಣ್ಣು ಬಿದ್ದದ್ದು ಕಾಳಿ ನದಿಯ ಅಳಿವೆಯ ಮೇಲೆ. ಒಂದು ದಡದಲ್ಲಿ ಸದಾಶಿವಗಡ, ಇನ್ನೊಂದು ದಡದಲ್ಲಿ ಕಾರವಾರ. 1857ರಲ್ಲಿ ಹುಟ್ಟಿದ ಅವರ ಹತ್ತಿ ಸಂಘ ಲಂಡನ್ನಿನಲ್ಲಿ ಸರಕಾರದ ಬಾಗಿಲು ತಟ್ಟುತ್ತಲೇ ಇತ್ತು. 1860ರಲ್ಲಿ ಮ್ಯಾಂಚೆಸ್ಟರ್ ಕಾಟನ್ ಕಂಪೆನಿ ಎಂಬ ಸಂಸ್ಥೆಯೂ ಹುಟ್ಟಿ, ಹತ್ತಿ ಒತ್ತುವ ಯಂತ್ರಗಳನ್ನು ಸದಾಶಿವಗಡಕ್ಕೆ ಕಳುಹಿಸಿತು. ಯಂತ್ರ ಬಂದಿಳಿದಾಗ ರಸ್ತೆಯೂ ಆಗಿರಲಿಲ್ಲ, ದಕ್ಕೆಯೂ ಆಗಿರಲಿಲ್ಲ.

1862

ತೊಡಕಿದ್ದದ್ದು ಆಡಳಿತದ ಗಡಿಯಲ್ಲಿ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕಾರವಾರದಿಂದ ಕಾಸರಗೋಡಿನವರೆಗಿನ ಕರಾವಳಿ ಇಂಗ್ಲಿಷರ ಕೈಗೆ ಬಂದು, ಕೆನರಾ ಎಂಬ ಒಂದೇ ಜಿಲ್ಲೆಯಾಗಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಮಂಗಳೂರು ಅದರ ಕೇಂದ್ರ. ಘಟ್ಟದ ಮೇಲಿನ ಧಾರವಾಡ ಪೇಶ್ವೆಗಳ ಪತನದ ನಂತರ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತ್ತು. ಅಂದರೆ ಹತ್ತಿ ಬೆಳೆಯುವ ಹೊಲ ಬೊಂಬಾಯಿಯದು, ಹತ್ತಿ ಇಳಿಯುವ ಬಂದರು ಮದ್ರಾಸಿನದು. ಬೊಂಬಾಯಿಯ ಹತ್ತಿಗಾಗಿ ತನ್ನ ಬೊಕ್ಕಸದಿಂದ ರಸ್ತೆ, ಬಂದರು ಕಟ್ಟಲು ಮದ್ರಾಸ್ ಸರಕಾರಕ್ಕೆ ಅವಸರವೇನಿತ್ತು? ಕಡತಗಳು ಮದ್ರಾಸಿಗೂ ಬೊಂಬಾಯಿಗೂ ಕಲ್ಕತ್ತೆಗೂ ಲಂಡನ್ನಿಗೂ ತಿರುಗಿದವು.

ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾಗಿತ್ತು. ಕೆನರಾ ದೊಡ್ಡ ಜಿಲ್ಲೆ, ಆಳಲು ಕಷ್ಟ ಎಂಬ ವಾದವೂ ಇದ್ದಿತೆನ್ನಿ. 1860ರ ಆಸುಪಾಸಿನಲ್ಲಿ ಅದನ್ನು ಉತ್ತರ, ದಕ್ಷಿಣ ಎಂದು ಎರಡು ಮಾಡಲಾಯಿತು. 1862ರಲ್ಲಿ, ಅಮೆರಿಕದ ಯುದ್ಧದ ನಡುವೆ, ಉತ್ತರದ ಭಾಗವನ್ನು ಬೊಂಬಾಯಿಗೆ ವರ್ಗಾಯಿಸಲಾಯಿತು. ಕುಂದಾಪುರ ತಾಲ್ಲೂಕನ್ನು ಮಾತ್ರ ಮದ್ರಾಸಿನಲ್ಲೇ ಉಳಿಸಲಾಯಿತು. ಭಟ್ಕಳಕ್ಕೂ ಶಿರೂರಿಗೂ ನಡುವಿನ ಗಡಿ ಎರಡು ಪ್ರಾಂತ್ಯಗಳ ಗಡಿಯಾದದ್ದು ಹೀಗೆ. ಅಲ್ಲಿ ಬದುಕುತ್ತಿದ್ದವರ ಭಾಷೆ, ನೆಂಟಸ್ತಿಕೆ, ವ್ಯವಹಾರ, ಯಾವುದೂ ಆ ತೀರ್ಮಾನದಲ್ಲಿ ಲೆಕ್ಕಕ್ಕೆ ಬಂದಿರಲಿಲ್ಲ. ಲೆಕ್ಕಕ್ಕೆ ಬಂದದ್ದು ಹತ್ತಿ.

ಬೊಂಬಾಯಿ ಹೈಕೋರ್ಟು, ಮದ್ರಾಸ್ ಹೈಕೋರ್ಟು ಎರಡೂ ಸ್ಥಾಪನೆಯಾದದ್ದು ಅದೇ 1862ರಲ್ಲಿ. ಭಟ್ಕಳದ ಅಣ್ಣನ ಜಮೀನಿನ ವ್ಯಾಜ್ಯ ಬೊಂಬಾಯಿಗೂ ಗಂಗೊಳ್ಳಿಯ ತಮ್ಮನ ವ್ಯಾಜ್ಯ ಮದ್ರಾಸಿಗೂ ಹೋಗಬೇಕಾದ ಕಾಲ ಬಂತು. ನಮ್ಮ ಆ ಅಜ್ಜಿಯ ಮಾತಿನ ಮೂಲ ಅಲ್ಲಿದೆ.

ಕಾರವಾರಕ್ಕೆ ಸಿಕ್ಕಿದ್ದೇನು?

ಬೊಂಬಾಯಿ ಸರಕಾರ ಮೊದಮೊದಲು ಹುರುಪಿನಿಂದ ಕೆಲಸಕ್ಕೆ ಇಳಿಯಿತು. ಕಾರವಾರ ಜಿಲ್ಲಾ ಕೇಂದ್ರವಾಯಿತು, ಕಚೇರಿಗಳು ಎದ್ದವು, ಘಟ್ಟದಲ್ಲಿ ಗಾಡಿ ರಸ್ತೆಗಳಾದವು. ಆದರೆ 1865ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧ ನಿಂತಿತು. ಹತ್ತಿಯ ಬೆಲೆ ಕುಸಿಯಿತು. ಬೊಂಬಾಯಿಯ ಷೇರು ಪೇಟೆಯಲ್ಲಿ ಹತ್ತಿಯ ದುಡ್ಡಿನ ಮೇಲೆ ಕಟ್ಟಿದ್ದ ಕಂಪೆನಿಗಳು ಒಂದರ ಹಿಂದೊಂದು ಮುಳುಗಿದವು. ಹೊಸ ಬಂದರಿನ ಕನಸು ಕಂಡಿದ್ದ ಮ್ಯಾಂಚೆಸ್ಟರ್ ಕಂಪೆನಿಯೂ ಬಾಗಿಲು ಹಾಕಿತು.

ಕಾರವಾರಕ್ಕೆ ಹುಬ್ಬಳ್ಳಿಯಿಂದ ರೈಲು ಬರುತ್ತದೆಂಬ ಮಾತು 1870ರ ದಶಕದಲ್ಲಿ ಬಲವಾಗಿತ್ತು. ಅಷ್ಟರಲ್ಲಿ 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದವಾಗಿ, ರೈಲುಹಾದಿ ಗೋವಾದ ಮರ್ಮಗೋವಾ ಬಂದರಿಗೆ ಹೋಯಿತು. ಅದು 1880ರ ದಶಕದ ಕೊನೆಗೆ ಓಡತೊಡಗಿದ ಮೇಲೆ ಕುಮಟಾ, ಕಾರವಾರಗಳ ಹತ್ತಿ ವ್ಯಾಪಾರ ಸೊರಗಿತು. ಯಾವ ಬಂದರಿಗಾಗಿ ಒಂದು ಜಿಲ್ಲೆಯನ್ನು ಸೀಳಲಾಯಿತೋ ಆ ಬಂದರನ್ನು ಎರಡು ದಶಕಗಳಲ್ಲಿ ಮರೆಯಲಾಯಿತು. ಸೀಳು ಮಾತ್ರ ಉಳಿಯಿತು. ಕಾರವಾರಕ್ಕೆ ರೈಲು ಬಂದದ್ದು ಕೊಂಕಣ ರೈಲ್ವೆಯಿಂದ, 1990ರ ದಶಕದಲ್ಲಿ. ಹುಬ್ಬಳ್ಳಿ–ಅಂಕೋಲಾ ರೈಲು ಇನ್ನೂ ಓಡಿಲ್ಲ.

ಘಟ್ಟದ ಮೇಲಿನ ರೈತನ ಕತೆ ಇದಕ್ಕಿಂತ ಕಠಿಣ. ಯುದ್ಧದ ವರ್ಷಗಳಲ್ಲಿ ಬೆಲೆ ಏರಿದಾಗ ಜೋಳದ ಹೊಲಗಳಿಗೂ ಹತ್ತಿ ಬಂತು. ಸಾಹುಕಾರರು ಧಾರಾಳವಾಗಿ ಸಾಲ ಕೊಟ್ಟರು. ಬೆಲೆ ಇಳಿದಾಗ ಸಾಲ ಇಳಿಯಲಿಲ್ಲ, ಏರಿದ ಕಂದಾಯವೂ ಇಳಿಯಲಿಲ್ಲ. ಅದರ ಮೇಲೆ 1876ರಿಂದ 78ರವರೆಗಿನ ಭೀಕರ ಕ್ಷಾಮ ಬಂತು. ಮಳೆ ಬಾರದ್ದಕ್ಕೆ ಮ್ಯಾಂಚೆಸ್ಟರನ್ನು ಹೊಣೆ ಮಾಡಲಾಗದು. ಆದರೆ ಬರಗಾಲ ಬಂದಾಗ ಹಗೇವಿನಲ್ಲಿ ಕಾಳು ಇರಬೇಕಾದ ಮನೆಯಲ್ಲಿ ಸಾಲದ ಪತ್ರ ಮಾತ್ರ ಇದ್ದರೆ, ಅದಕ್ಕೆ ಆಕಾಶವೊಂದನ್ನೇ ದೂರುವುದು ನ್ಯಾಯವಲ್ಲ. ಅಮೆರಿಕದಲ್ಲಿ ಗುಲಾಮ ಬಿಡುಗಡೆಯಾದ. ಆದರೆ ಅಲ್ಲಿಯೂ ಅವನು ಗೇಣಿ ಮತ್ತು ಸಾಲದ ಹಗ್ಗದಿಂದ ಮತ್ತೆ ಅದೇ ಹತ್ತಿಯ ಹೊಲಕ್ಕೆ ಕಟ್ಟಲ್ಪಟ್ಟ. ಮಿಸಿಸಿಪ್ಪಿಯ ಆ ಗೇಣಿದಾರನೂ ಗದಗದ ರೈತನೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೆ ಇಬ್ಬರ ಹತ್ತಿಯ ಬೆಲೆಯೂ ತೀರ್ಮಾನವಾಗುತ್ತಿದ್ದುದು ಲಿವರ್‌ಪೂಲಿನ ಒಂದೇ ಪೇಟೆಯಲ್ಲಿ.

ಇತ್ತ ಮಂಗಳೂರಿನಲ್ಲಿ

ಅರ್ಧ ಜಿಲ್ಲೆಯನ್ನು ಕಳೆದುಕೊಂಡ ಮಂಗಳೂರು ಏನಾಯಿತು? ಅಮೆರಿಕದ ಯುದ್ಧ ಮುಗಿದ ಅದೇ 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಶುರುವಾಯಿತು. ಎರಡಕ್ಕೂ ಸಂಬಂಧವಿಲ್ಲ, ವರ್ಷ ಒಂದೇ ಅಷ್ಟೆ. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ನಿನವರ ಮುಂದೆ ಒಂದು ಸಮಸ್ಯೆಯಿತ್ತು. ಮತಾಂತರವಾದವರು ಜಾತಿಯಿಂದ ಹೊರಗಾಗುತ್ತಿದ್ದರು. ಜಾತಿಯ ಜೊತೆಗೆ ಕಸುಬೂ ಗೇಣಿ ಭೂಮಿಯೂ ಹೋಗುತ್ತಿತ್ತು. ಅವರ ಜೀವನೋಪಾಯಕ್ಕಾಗಿ ಅಚ್ಚುಕೂಟ, ನೇಯ್ಗೆ, ಕೊನೆಗೆ ಹಂಚು ಬಂದವು. ಮುಳಿಹುಲ್ಲು, ಮಡಲು ಹೊದಿಸಿದ ಮನೆಗಳ ಈ ನಾಡಿಗೆ ಜಾರ್ಜ್ ಪ್ಲೆಬ್‌ಸ್ಟ್ ಎಂಬ ಮಿಷನರಿ ಯೂರೋಪಿನ ಮಾದರಿಯ, ಒಂದಕ್ಕೊಂದು ಸಿಕ್ಕಿಸುವ ಹಂಚನ್ನು ತಂದ. ನದಿಯ ಜೇಡಿಮಣ್ಣು, ಪಶ್ಚಿಮ ಘಟ್ಟದ ಸೌದೆ, ಹೊಳೆಯ ದೋಣಿ, ಬಂದರಿನ ಮಂಜಿ ಎಲ್ಲವೂ ಕೈಯಳತೆಯಲ್ಲಿದ್ದವು. ಮುಂದಿನ ದಶಕಗಳಲ್ಲಿ ಊರಿನವರೇ ಕಾರ್ಖಾನೆ ತೆರೆದರು. ಮಂಗಳೂರು ಹಂಚು ಕಡಲು ದಾಟಿ ಹೋಯಿತು.

ಲೋವೆಲ್‌ನ ಗಂಟೆ ಇಲ್ಲಿಯೂ ಬಾರಿಸಿತು. ಬೇಸಾಯದ ಹೊತ್ತುಗೊತ್ತಿಗೆ ಒಗ್ಗಿದ ಜನ ಗಡಿಯಾರಕ್ಕೆ ಒಗ್ಗಬೇಕಾಯಿತು. ಹೆಂಗಸರು ತಲೆಯ ಮೇಲೆ ಮಣ್ಣೂ ಹಂಚೂ ಹೊತ್ತರು. ಬೇರೆ ಬೇರೆ ಜಾತಿ, ಮತದವರು ಒಂದೇ ಗೂಡಿನ ಬಿಸಿಯಲ್ಲಿ ನಿಂತದ್ದರಿಂದ ಮುಂದೆ ಇಲ್ಲಿ ಕಾರ್ಮಿಕ ಸಂಘಗಳು ಬೆಳೆದವು. ಮೊದಲ ಮಹಾಯುದ್ಧದಲ್ಲಿ ಜರ್ಮನರನ್ನು ಬಂಧಿಸಿ ಮಿಷನ್ನಿನ ಉದ್ದಿಮೆಗಳನ್ನು ಬ್ರಿಟಿಷರು ಕಾಮನ್‌ವೆಲ್ತ್ ಟ್ರಸ್ಟಿಗೆ ಒಪ್ಪಿಸಿದರು. ಕಾಂಕ್ರೀಟಿನ ಕಾಲ ಬಂದ ಮೇಲೆ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು.

ಆದರೆ ಮಂಗಳೂರಿನ ಮುಖ ಯಾವ ಕಡೆ ತಿರುಗಿತು ನೋಡಿ. 1907ರಲ್ಲಿ ರೈಲು ಬಂತು, ಬಂದದ್ದು ದಕ್ಷಿಣದಿಂದ, ಮಲಬಾರಿನ ಮೂಲಕ ಮದ್ರಾಸಿಗೆ. ಘಟ್ಟ ಹತ್ತಿ ಹಾಸನಕ್ಕೆ ರೈಲು ಹೋದದ್ದು 1979ರಲ್ಲಿ. ಉತ್ತರಕ್ಕೆ ಕಾರವಾರದ ಮೂಲಕ ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಮಂಗಳೂರಿನ ಹುಡುಗನಿಗೆ ಹಲವು ತಲೆಮಾರುಗಳ ಕಾಲ ಮದ್ರಾಸಿಗೆ ಹೋಗುವುದು ಮೈಸೂರಿಗೆ ಹೋಗುವುದಕ್ಕಿಂತ ಸಲೀಸಾಗಿತ್ತು. ಇವನು ಮದ್ರಾಸ್ ವಿಶ್ವವಿದ್ಯಾಲಯದ ಪರೀಕ್ಷೆ ಬರೆದರೆ ಕಾರವಾರದವನು ಬೊಂಬಾಯಿಯದು ಬರೆದ. ಅಡಿಕೆ ತೋಟಕ್ಕೆ ಸೊಪ್ಪು ತರುವ ಹಕ್ಕನ್ನು ದಕ್ಷಿಣದವನು 'ಕುಮ್ಕಿ' ಎಂದ, ಉತ್ತರದವನು 'ಬೆಟ್ಟ' ಎಂದ. ಎರಡಕ್ಕೂ ಬೇರೆ ನಿಯಮ, ಬೇರೆ ಜಗಳ. ಒಂದೇ ಕರಾವಳಿಯ ಜನ ಹೀಗೆ ನಿಧಾನವಾಗಿ ಎರಡು ಅಭ್ಯಾಸದವರಾದರು. ಆಮೇಲೆ ಆ ಅಭ್ಯಾಸವನ್ನೇ ಸ್ವಭಾವ ಎಂದು ಕರೆದುಕೊಂಡರು.

ಈ ಗೆರೆಗಳನ್ನು ದಾಟಿ ನಡೆದವರೂ ಇದ್ದರೆಂಬುದು ಸಮಾಧಾನದ ಸಂಗತಿ. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರ ಹಿಂದಿನ ದುಡಿಮೆ ಬಹಳಷ್ಟು ನಡೆದದ್ದು ಧಾರವಾಡದ ಕಡೆಯಲ್ಲಿ. ಧಾರವಾಡದಲ್ಲಿ 1890ರಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿತು. 1920ರಲ್ಲಿ ಕಾಂಗ್ರೆಸ್ ಭಾಷೆಯ ಆಧಾರದ ಮೇಲೆ ಪ್ರಾಂತ ಸಮಿತಿಗಳನ್ನು ಒಪ್ಪಿಕೊಂಡಾಗ ಎರಡೂ ಕನ್ನಡ ಜಿಲ್ಲೆಗಳು ಚಳವಳಿಯ ಲೆಕ್ಕದಲ್ಲಾದರೂ ಒಂದೇ ಕರ್ನಾಟಕವಾದವು.

ಗೆರೆ ಎಳೆದವರು, ಬೆಲೆ ತೆತ್ತವರು

1956ರ ನವೆಂಬರ್ 1ರಂದು, 94 ವರ್ಷಗಳ ನಂತರ, ಉತ್ತರ ಮತ್ತು ದಕ್ಷಿಣ ಕನ್ನಡಗಳು ಒಂದೇ ರಾಜ್ಯಕ್ಕೆ ಬಂದವು. ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದಿತು. ಆದರೆ ಅದು ಕಾಗದದಲ್ಲೇ ಉಳಿಯಿತು. ಒಂದು ಗಾಯ ಮಾಯುವ ದಿನವೇ ಇನ್ನೊಂದು ಬಿದ್ದಿತು.

ಉರ್ದು ಕಲಿತವನಾದ ನನಗೆ ಒಂದು ವಿಷಯ ಕುತೂಹಲವೆನಿಸುತ್ತದೆ. ನೆಲವನ್ನು ಹಂಚಲು ನಾವು ಬಳಸುವ ಪದಗಳು ಅರಬಿ, ಫಾರಸಿಯಿಂದ ಬಂದವು. 'ಜಿಲ್ಲೆ'ಯ ಮೂಲದಲ್ಲಿರುವ ಅರಬಿ ಶಬ್ದಕ್ಕೆ ಪಕ್ಕೆಲುಬು, ಪಾರ್ಶ್ವ ಎಂಬ ಅರ್ಥವಿದೆ. ದೇಹದಿಂದ ಬಿಡಿಸಿದರೆ ಪಕ್ಕೆಲುಬಿಗೆ ಅಸ್ತಿತ್ವವಿಲ್ಲ. 'ತಾಲ್ಲೂಕು' ಎಂದರೆ ತಅಲ್ಲುಕ್, ಸಂಬಂಧ. ಆಡಳಿತದ ಕೈಗೆ ಸಿಕ್ಕಿ ಸಂಬಂಧದ ಪದವೇ ಗಡಿಯ ಪದವಾಯಿತು.

ಇಂದು ಕರಾವಳಿಯವರು ಘಟ್ಟದ ಮೇಲಿನವರನ್ನು, ಉತ್ತರ ಕರ್ನಾಟಕದವರು ದಕ್ಷಿಣದವರನ್ನು ದೂರುವುದನ್ನು ದಿನವೂ ಕೇಳುತ್ತೇವೆ. ಆ ದೂರುಗಳಲ್ಲಿ ಸತ್ಯವಿಲ್ಲವೆಂದಲ್ಲ. ರೈಲು ಬಾರದ ಊರಿನ ಸಿಟ್ಟು ಸುಳ್ಳಲ್ಲ. ಆದರೆ ದೂರು ಹೇಳುವಾಗ ಎದುರಿಗಿರುವ ಜನರ ಗುಣವನ್ನು ದೂರುತ್ತೇವೆಯೇ ಹೊರತು ಯಾರ ಲೆಕ್ಕಪುಸ್ತಕದಲ್ಲಿ ಈ ಅಸಮಾನತೆ ಬರೆಯಲ್ಪಟ್ಟಿತೆಂದು ಕೇಳುವುದಿಲ್ಲ. ಅಮೆರಿಕದಲ್ಲಿಯೂ ಯುದ್ಧದ ನಂತರ ಉತ್ತರದವನು ಹೀಗೆ, ದಕ್ಷಿಣದವನು ಹಾಗೆ ಎಂಬ ಕತೆಗಳು ಬೆಳೆದವು. ಇಬ್ಬರನ್ನೂ ಹಾಗೆ ಮಾಡಿದ ಹತ್ತಿಯ ವ್ಯಾಪಾರ ಮರೆವಿಗೆ ಸರಿಯಿತು.

ನಮ್ಮ ಕರಾವಳಿಯಲ್ಲಿ ಈಚಿನ ದಶಕಗಳಲ್ಲಿ ಇನ್ನೂ ಬೇರೆ ಗೆರೆಗಳು ಬಿದ್ದಿವೆ. ಒಂದೇ ದಕ್ಕೆಯಲ್ಲಿ ಮೀನು ಇಳಿಸುವವರ, ಒಂದೇ ಗೂಡಿನ ಬಿಸಿಯಲ್ಲಿ ಹಂಚು ಸುಟ್ಟವರ ಮೊಮ್ಮಕ್ಕಳ ನಡುವೆ ಬಿದ್ದಿವೆ. ಇವೂ ಹಿಂದಿನಿಂದ ಇದ್ದವೇ ಎಂದು ನಂಬಿಸುವವರು ಇದ್ದಾರೆ. ಭಟ್ಕಳ–ಶಿರೂರಿನ ಗಡಿಯ ಇತಿಹಾಸ ಕಲಿಸುವ ಪಾಠ ಒಂದೇ: ಯಾವುದಾದರೂ ಗೆರೆ ಅನಾದಿಯದೆಂದು ಯಾರಾದರೂ ಹೇಳಿದರೆ, ಅದು ಬಿದ್ದ ವರ್ಷ ಯಾವುದು, ಆ ವರ್ಷ ಪೇಟೆಯಲ್ಲಿ ಯಾವುದರ ಬೆಲೆ ಏರಿತ್ತು ಎಂದು ಕೇಳಬೇಕು.

ಆ ಅಜ್ಜಿ ಈಗಿಲ್ಲ. ಬೊಂಬಾಯಿ ಸರಕಾರ, ಮದ್ರಾಸ್ ಸರಕಾರ ಎಂದು ಎಷ್ಟೇ ಗೊಣಗಿದರೂ ಅವರು ತಮ್ಮ ಕಿರಿಯ ಮಗಳನ್ನು ಕೊಟ್ಟದ್ದು ಗಂಗೊಳ್ಳಿಗೇ.